ಸುತ್ತಿನೊಳಗಿನ ಸುತ್ತು

ಮನೆಯಲ್ಲಿ ಒಂದು ದಸ್ತಾವೇಜು ಕಾಣೆಯಾದಾಗ ಹುಡುಕುವವರ ಕೈ ಎಲ್ಲೆಲ್ಲಿಗೆ ಹೋಗುತ್ತದೆಂಬುದು ಎಲ್ಲ ಗೃಹಸ್ಥರಿಗೂ ತಿಳಿದ ವಿಷಯ. ಮೊದಲು ಕಪಾಟು, ಕಪಾಟಿನೊಳಗಿನ ಪೆಟ್ಟಿಗೆ, ಪೆಟ್ಟಿಗೆಯೊಳಗಿನ ಬಟ್ಟೆಯ ಗಂಟು, ಗಂಟಿನೊಳಗಿನ ಹಳೆಯ ಲಕೋಟೆ. ಹುಡುಕುತ್ತಿರುವುದು ಜಮೀನಿನ ಪತ್ರವೇ ಆದರೂ ನಡುವೆ ಕೈಗೆ ಸಿಗುವುದು ತಾಯಿ ಎಂದೋ ಬರೆದು ಅಂಚೆಗೆ ಹಾಕದೆ ಉಳಿಸಿಕೊಂಡ ಕಾಗದ, ಅಣ್ಣ ಯಾರಿಗೂ ಹೇಳದೆ ಮಾಡಿದ ಸಾಲದ ಚೀಟಿ. ಜಮೀನಿನ ಪತ್ರ ಸಿಕ್ಕಿದ ಮೇಲೂ ಆ ಚೀಟಿಯನ್ನು ಕಂಡ ಕಣ್ಣು ಕಾಣದ ಕಣ್ಣಾಗಲಾರದು. ಊಟಕ್ಕೆ ಕುಳಿತಾಗ ಅಣ್ಣನ ಮುಖವನ್ನು ನೋಡುವ ರೀತಿಯೇ ಬೇರೆಯಾಗಿರುತ್ತದೆ.

ಘಟ್ಟದ ಕೆಳಗಿನ ಒಂದು ಊರಿನ ವಿದ್ಯಾಸಂಸ್ಥೆಯಲ್ಲಿ ಗಣಕಯಂತ್ರಗಳ ಉಸ್ತುವಾರಿಯನ್ನು ನೋಡಿಕೊಳ್ಳುತ್ತಿದ್ದ ಒಬ್ಬರಿಗೆ 2019ರ ಜೂನ್ ತಿಂಗಳಲ್ಲಿ ಇಂಥದೇ ಹುಡುಕಾಟದ ಪ್ರಸಂಗ ಒದಗಿತು. ಅವರು ಬೆರಳಚ್ಚುಗಾರರಾಗಿ ಸೇರಿದವರು. ಸ್ಟೆನ್ಸಿಲ್ ಕಾಗದಕ್ಕೆ ಪ್ರಶ್ನೆಪತ್ರಿಕೆ ಹೊಡೆದು, ಸೈಕ್ಲೋಸ್ಟೈಲ್ ಯಂತ್ರದ ಹಿಡಿಕೆ ತಿರುಗಿಸಿದ ಕೈ ಅವರದು. ಕಛೇರಿಗೆ ಮೊದಲ ಗಣಕಯಂತ್ರ ಬಂದಾಗ ಅದರ ಹತ್ತಿರ ಹೋಗಲು ಬೇರೆಯವರು ಹಿಂಜರಿದರು, ಇವರು ಹೋದರು. ಅಷ್ಟೇ ಕಾರಣಕ್ಕೆ ಕ್ರಮೇಣ ಇಡೀ ಸಂಸ್ಥೆಯ ಇಪ್ಪತ್ತಮೂರು ಯಂತ್ರಗಳೂ, ಅವುಗಳನ್ನು ಒಂದಕ್ಕೊಂದು ಜೋಡಿಸಿದ ಜಾಲವೂ, ಎಲ್ಲ ಯಂತ್ರಗಳ ಬಾಗಿಲನ್ನೂ ತೆರೆಯಬಲ್ಲ ಒಂದು ಪಾಸ್‌ವರ್ಡ್ ಕೂಡ ಅವರ ಪಾಲಿಗೆ ಬಂದವು. ಆಗ ಅವರಿಗೆ ಐವತ್ತನಾಲ್ಕು ವರ್ಷ.

ಆ ವರ್ಷದ ಮೇ ತಿಂಗಳಲ್ಲಿ ದತ್ತಿನಿಧಿಯ ಲೆಕ್ಕ ಬರೆಯುತ್ತಿದ್ದ ಗುಮಾಸ್ತರು ಹೃದಯಾಘಾತದಿಂದ ತೀರಿಕೊಂಡಿದ್ದರು. ಬಡ ವಿದ್ಯಾರ್ಥಿಗಳ ಶುಲ್ಕವನ್ನು ದಾನಿಗಳ ನಿಧಿಯಿಂದ ಎರಡು ಕಂತುಗಳಲ್ಲಿ ತುಂಬುವ ವ್ಯವಸ್ಥೆ ಆ ಸಂಸ್ಥೆಯಲ್ಲಿತ್ತು. ಮೂವತ್ತೇಳು ಮಕ್ಕಳ ಎರಡನೆಯ ಕಂತು ಬಾಕಿ ಉಳಿದಿತ್ತು. ಯಾವ ಮಗುವಿಗೆ ಯಾವ ದಾನಿಯ ಹಣವೆಂಬ ಪಟ್ಟಿಯನ್ನು ಸೂಚನಾ ಫಲಕಕ್ಕೆ ಹಾಕಬಾರದೆಂದು ದಾನಿಗಳೇ ಕೇಳಿಕೊಂಡಿದ್ದರಿಂದ ಆ ಗುಮಾಸ್ತರು ಅದನ್ನು ಮುದ್ರಿಸಿ ಇಡುತ್ತಿರಲಿಲ್ಲ. ಅವರಿಗೆಂದು ಗೊತ್ತುಪಡಿಸಿದ ಯಂತ್ರವೂ ಇರಲಿಲ್ಲ. ಎಲ್ಲಿ ಜಾಗ ಖಾಲಿಯೋ ಅಲ್ಲಿ ಕುಳಿತು ಕೆಲಸ ಮಾಡುವುದು ಅವರ ಅಭ್ಯಾಸ. ಪಟ್ಟಿ ಇಪ್ಪತ್ತಮೂರರಲ್ಲಿ ಯಾವುದೋ ಒಂದರಲ್ಲಿ ಇರಲೇಬೇಕಿತ್ತು. ಶುಲ್ಕ ಕಟ್ಟಲು ಉಳಿದದ್ದು ಎಂಟು ದಿನ.

ಒಂದೊಂದೇ ಯಂತ್ರದ ಮುಂದೆ ಕುಳಿತು ಹುಡುಕಬಹುದಿತ್ತು. ಆದರೆ ಪ್ರತಿಯೊಬ್ಬರನ್ನೂ ಎಬ್ಬಿಸಿ, ಅವರ ಕೆಲಸ ನಿಲ್ಲಿಸಿ, ಹಿಂದೆ ನಿಂತವರ ಎದುರಿಗೆ ಅವರ ಫೋಲ್ಡರುಗಳನ್ನು ತೆರೆಯುವುದು ಅವರಿಗೆ ಸಂಕೋಚದ ಸಂಗತಿಯಾಗಿ ಕಂಡಿತು. ಈ ಸಂಕೋಚವೇ ಅವರನ್ನು ಇನ್ನೊಂದು ದಾರಿಗೆ ಎಳೆಯಿತೆಂಬುದನ್ನು ಗಮನಿಸಬೇಕು. ಎದುರಿಗೆ ಕುಳಿತು ಮಾಡಲು ನಾಚಿಕೆಯಾಗುವ ಕೆಲಸವನ್ನು ತಮ್ಮ ಕೋಣೆಯಲ್ಲಿ ಕುಳಿತು ಜಾಲದ ಮೂಲಕ ಮಾಡಿದರೆ ನಾಚಿಕೆಯಾಗುವುದಿಲ್ಲವೆಂದು ಅವರಿಗೆ ತೋರಿತು.

ಆ ದಾರಿ ಯಾವುದೆಂಬುದನ್ನು ಗಣಕಯಂತ್ರದ ಪರಿಚಯವಿಲ್ಲದ ವಾಚಕರಿಗಾಗಿ ಸ್ವಲ್ಪ ವಿವರಿಸಬೇಕು. ಗಡಿಯಾರದ ದೊಡ್ಡ ಮುಳ್ಳು ಒಂದು ಪೂರ್ಣ ಪ್ರದಕ್ಷಿಣೆ ಮಾಡಿದಾಗ ಚಿಕ್ಕ ಮುಳ್ಳು ಒಂದು ಅಂಕಿಯಿಂದ ಇನ್ನೊಂದು ಅಂಕಿಗೆ ಸರಿಯುತ್ತದೆ. ಒಳಗಿನ ಸುತ್ತು ಪೂರ್ತಿಯಾಗದೆ ಹೊರಗಿನ ಸುತ್ತು ಮುಂದೆ ಹೋಗುವುದಿಲ್ಲ. ಗಣಕಯಂತ್ರಕ್ಕೆ ಕೊಡುವ ಆದೇಶವನ್ನೂ ಹೀಗೆಯೇ ಹೆಣೆಯಬಹುದು. ಯಂತ್ರಗಳ ಹೆಸರುಗಳನ್ನು ಸಾಲಿಗೊಂದರಂತೆ ಬರೆದ ಒಂದು ಪಟ್ಟಿ ಇರುತ್ತದೆ. ಹೊರಗಿನ ಸುತ್ತು ಅದರಿಂದ ಒಂದು ಹೆಸರನ್ನು ತೆಗೆದುಕೊಳ್ಳುತ್ತದೆ. ಎರಡನೆಯ ಸುತ್ತು ಆ ಯಂತ್ರದಲ್ಲಿ ಕೆಲಸ ಮಾಡುವವರ ಹೆಸರಿನ ಫೋಲ್ಡರುಗಳನ್ನು ಒಂದೊಂದಾಗಿ ಹಿಡಿಯುತ್ತದೆ. ಮೂರನೆಯದು ಆ ಫೋಲ್ಡರಿನೊಳಗಿನ ಕಡತಗಳನ್ನೂ, ಒಳ ಫೋಲ್ಡರುಗಳನ್ನೂ, ಅವುಗಳ ಒಳಗಿನವುಗಳನ್ನೂ ತಳ ಮುಟ್ಟುವವರೆಗೆ ನೋಡಿ, ಕಂಡ ಹೆಸರುಗಳನ್ನು ಒಂದು ಕಡತಕ್ಕೆ ಬರೆಯುತ್ತದೆ. ಎಲ್ಲ ಮುಗಿದ ಮೇಲೆ ಹೊರಗಿನ ಸುತ್ತು ಎರಡನೆಯ ಯಂತ್ರಕ್ಕೆ ದಾಟುತ್ತದೆ. ವಿಂಡೋಸ್ ವ್ಯವಸ್ಥೆಯಲ್ಲಿ ಯಂತ್ರದ ಪ್ರತಿಯೊಂದು ಡ್ರೈವಿಗೂ, ಡ್ರೈವಿನ ಅಕ್ಷರದ ಮುಂದೆ ಡಾಲರ್ ಚಿಹ್ನೆ ಹಾಕಿದ, ಕಣ್ಣಿಗೆ ಕಾಣದ ಒಂದು ಬಾಗಿಲು ಇರುತ್ತದೆ. ಅದು ತೆರೆಯುವುದು ಆಡಳಿತಾಧಿಕಾರದ ಪಾಸ್‌ವರ್ಡ್ ಉಳ್ಳವರಿಗೆ ಮಾತ್ರ. ಯಂತ್ರದ ಮುಂದೆ ಕುಳಿತವರಿಗೆ ಅದು ತೆರೆದದ್ದು ಗೊತ್ತಾಗುವುದಿಲ್ಲ.

ಇಂಥ ಹೆಣಿಗೆಯಲ್ಲಿ ಸಂಖ್ಯೆಗಳು ಕೂಡುವುದಿಲ್ಲ, ಗುಣಿಸುತ್ತವೆ. ಇಪ್ಪತ್ತಮೂರು ಯಂತ್ರಗಳಲ್ಲಿ ತಲಾ ಆರು ಮಂದಿಯ ಫೋಲ್ಡರುಗಳಿದ್ದರೆ 138 ಫೋಲ್ಡರುಗಳು. ಪ್ರತಿಯೊಂದರಲ್ಲಿ 4,000 ಕಡತಗಳಿದ್ದರೆ 5,52,000 ಹೆಸರುಗಳು. ಒಂದು ಹೆಸರನ್ನು ಓದಲು ಸೆಕೆಂಡಿನ ಸಾವಿರದ ಒಂದು ಪಾಲು ಸಾಕೆಂದರೆ ಒಂಬತ್ತು ನಿಮಿಷಗಳ ಮಾತು. ಜಾಲ ನಿಧಾನವಾಗಿ ನೂರರ ಒಂದು ಪಾಲು ಬೇಕಾದರೆ ಒಂದೂವರೆ ಗಂಟೆಗೂ ಮೇಲೆ. ಮನುಷ್ಯ ಅಷ್ಟನ್ನು ನೋಡಲು ತಿಂಗಳುಗಳೇ ಬೇಕಾಗುತ್ತಿದ್ದವು. ನಡುವೆ ಆಯಾಸವಾಗುತ್ತಿತ್ತು, ಬೇಸರವಾಗುತ್ತಿತ್ತು, ಎಲ್ಲಿಯೋ ಒಂದು ಕಡೆ ಸಾಕೆನಿಸುತ್ತಿತ್ತು. ಯಂತ್ರಕ್ಕೆ ಸಾಕೆನಿಸುವುದಿಲ್ಲ.

ಸಾಕೆನಿಸದಿರುವ ಈ ಗುಣ ಎಲ್ಲಿಗೆ ಒಯ್ಯಬಲ್ಲದೆಂಬುದಕ್ಕೆ ಗಣಕಶಾಸ್ತ್ರದ ಚರಿತ್ರೆಯಲ್ಲಿ ಎರಡು ಪ್ರಸಿದ್ಧ ನಿದರ್ಶನಗಳಿವೆ. ಅಮೆರಿಕೆಯ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ ಜಾನ್ ಶಾಕ್ ಮತ್ತು ಜಾನ್ ಹಪ್ ಎಂಬ ಇಬ್ಬರು, ಜಾಲದ ಮೇಲೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗಿ ಬಿಡುವಾಗಿರುವ ಯಂತ್ರವನ್ನು ಹುಡುಕಿ ಅಲ್ಲಿ ಕೆಲಸ ಮಾಡುವ ಪ್ರೋಗ್ರಾಮುಗಳನ್ನು ರಚಿಸಿದ್ದರು. 1982ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರೇ ಹೇಳಿಕೊಂಡಂತೆ, ಒಂದು ರಾತ್ರಿ ಅಂಥ ಚಿಕ್ಕದೊಂದು ಪ್ರೋಗ್ರಾಮನ್ನು ಓಡಲು ಬಿಟ್ಟು ಮನೆಗೆ ಹೋಗಿ ಬೆಳಿಗ್ಗೆ ಬಂದು ನೋಡಿದರೆ ಹತ್ತಾರು ಯಂತ್ರಗಳು ನಿಶ್ಚೇಷ್ಟಿತವಾಗಿ ಬಿದ್ದಿದ್ದವು. ಎಲ್ಲೆಡೆಯೂ ಅದನ್ನು ಒಂದೇ ಏಟಿಗೆ ನಿಲ್ಲಿಸುವ ಉಪಾಯವೊಂದನ್ನು ಅವರು ಮೊದಲೇ ಸಿದ್ಧಪಡಿಸಿಟ್ಟಿದ್ದರಿಂದ ಅನಾಹುತ ಅಲ್ಲಿಗೇ ನಿಂತಿತು.

1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟ್ಯಾಪನ್ ಮಾರಿಸ್ ಎಂಬಾತನು ಜಾಲಕ್ಕೆ ಬಿಟ್ಟ ಪ್ರೋಗ್ರಾಮಿಗೆ ಅಂಥ ಕಡಿವಾಣವಿರಲಿಲ್ಲ. ಅದೂ ಸುತ್ತಿನೊಳಗಿನ ಸುತ್ತೇ. ಯಂತ್ರವೊಂದನ್ನು ಹೊಕ್ಕು, ಅದಕ್ಕೆ ಪರಿಚಯವಿರುವ ಇತರ ಯಂತ್ರಗಳ ಪಟ್ಟಿಯನ್ನು ಓದುವುದು; ಅಲ್ಲಿನ ಪ್ರತಿಯೊಬ್ಬ ಬಳಕೆದಾರನ ಹೆಸರಿಗೂ ಊಹೆಯ ಪಾಸ್‌ವರ್ಡುಗಳನ್ನು ಒಂದೊಂದಾಗಿ ಹಚ್ಚಿ ನೋಡುವುದು. ಅಂಥ 432 ಪದಗಳು ಪ್ರೋಗ್ರಾಮಿನೊಳಗೇ ಇದ್ದವು. ಒಂದು ಯಂತ್ರದಲ್ಲಿ ತನ್ನ ಪ್ರತಿ ಈಗಾಗಲೇ ಇದ್ದರೆ ಹಿಂದೆ ಸರಿಯಬೇಕೆಂಬ ನಿಯಮವಿದ್ದರೂ, ಮೋಸ ಹೋಗಬಾರದೆಂದು ಏಳರಲ್ಲಿ ಒಂದು ಸಲ ಆ ನಿಯಮವನ್ನು ಮೀರಲು ಆತನು ಅವಕಾಶವಿಟ್ಟಿದ್ದನು. ಆ ಏಳರಲ್ಲಿ ಒಂದೇ ಸಾಕಾಯಿತು. ಪ್ರತಿಯ ಮೇಲೆ ಪ್ರತಿ ಕೂಡಿ ಯಂತ್ರಗಳು ಉಸಿರುಗಟ್ಟಿದವು. ಸುಮಾರು 6,000 ಯಂತ್ರಗಳೆಂಬುದು ಆಗಿನ ಅಂದಾಜು. ಆ ಪ್ರೋಗ್ರಾಮು ಒಂದು ಕಡತವನ್ನೂ ಅಳಿಸಲಿಲ್ಲ. ಆದರೂ 1990ರಲ್ಲಿ ನ್ಯಾಯಾಲಯವು ಆತನಿಗೆ ಮೂರು ವರ್ಷಗಳ ಪರಿವೀಕ್ಷಣೆ, 400 ಗಂಟೆಗಳ ಸಮಾಜಸೇವೆ ಮತ್ತು 10,050 ಡಾಲರ್ ದಂಡ ವಿಧಿಸಿತು.

ನಮ್ಮ ಉಸ್ತುವಾರಿಯವರ ಪ್ರೋಗ್ರಾಮು ಇಷ್ಟು ಭಯಂಕರವಾದುದಲ್ಲ. ಹತ್ತು ಹನ್ನೆರಡು ಸಾಲುಗಳದ್ದು. ಒಂದು ಗುರುವಾರ ಸಂಜೆ ಹೊರಡುವಾಗ ಯಾರೂ ಯಂತ್ರಗಳನ್ನು ನಿಲ್ಲಿಸಬಾರದೆಂದು ಅವರು ಎಲ್ಲರಿಗೂ ತಿಳಿಸಿದರು. ಏಕೆಂದು ಒಬ್ಬರು ಕೇಳಿದ್ದಕ್ಕೆ "ಅಪ್‌ಡೇಟ್ ಹಾಕಲಿಕ್ಕುಂಟು" ಎಂದರು. ಇದು ಸುಳ್ಳು. ಹೇಳುವಾಗ ಸುಳ್ಳೆಂದು ಅವರಿಗೆ ಅನಿಸಲೂ ಇಲ್ಲ.

ಮೊದಲ ದಿನದ ಕೆಲಸ ವಿಘ್ನಗಳಲ್ಲೇ ಕಳೆಯಿತು. ಕಪ್ಪು ಪರದೆಯ ಮೇಲೆ ನೇರವಾಗಿ ಬೆರಳಚ್ಚಿಸಿದಾಗ ನಡೆದ ಆದೇಶವನ್ನು ಬ್ಯಾಚ್ ಫೈಲಿಗೆ ಬರೆದಾಗ ಅದು ನಡೆಯಲಿಲ್ಲ. ಅಲ್ಲಿ ಸುತ್ತಿನ ಅಕ್ಷರದ ಮುಂದೆ ಶೇಕಡಾ ಚಿಹ್ನೆಯನ್ನು ಒಂದರ ಬದಲು ಎರಡು ಹಾಕಬೇಕು. ಪ್ರತಿ ಯಂತ್ರದಲ್ಲಿ ಎಷ್ಟು ಕಡತಗಳೆಂದು ಎಣಿಸಲು ಹೇಳಿದರೆ ಎಲ್ಲದರ ಮುಂದೆಯೂ ಸೊನ್ನೆ ಬಂತು. ಆವರಣದೊಳಗಿನ ಆದೇಶಗಳನ್ನು ನಡೆಸುವ ಮೊದಲೇ ಯಂತ್ರವು ಅವನ್ನೆಲ್ಲ ಒಮ್ಮೆ ಓದಿ, ಎಣಿಕೆಯ ಜಾಗದಲ್ಲಿ ಆಗ ಇದ್ದ ಬೆಲೆಯನ್ನು ತುಂಬಿಬಿಡುತ್ತದೆ. ಆಮೇಲೆ ಒಳಗೆ ಎಷ್ಟೇ ಎಣಿಸಿದರೂ ಹೊರಗೆ ತೋರುವುದು ಹೊರಡುವಾಗಿನ ಸೊನ್ನೆಯೇ. ಬೆಲೆಯನ್ನು ಓದುವುದನ್ನು ಕೊನೆಯ ಗಳಿಗೆಯವರೆಗೆ ಮುಂದೂಡುವ ಇನ್ನೊಂದು ಆದೇಶವಿದೆಯೆಂದು ಪುಸ್ತಕ ನೋಡಿ ತಿಳಿದುಕೊಳ್ಳುವಷ್ಟರಲ್ಲಿ ರಾತ್ರಿ ಎಂಟು ಗಂಟೆಯಾಯಿತು.

ಇದಕ್ಕಿಂತ ಮುಖ್ಯವಾದ ತೊಡಕು ಮತ್ತೊಂದಿತ್ತು. ಇಬ್ಬರು ಮರೆತು ಯಂತ್ರ ನಿಲ್ಲಿಸಿ ಹೋಗಿದ್ದರು. ಮೂರು ಯಂತ್ರಗಳು ಪಾಸ್‌ವರ್ಡನ್ನು ಒಪ್ಪಲಿಲ್ಲ. ಆದರೆ ಪಟ್ಟಿಯಲ್ಲಿ ಈ ಐದರ ಸುದ್ದಿಯೇ ಇರಲಿಲ್ಲ. ಅವುಗಳಲ್ಲಿ ಏನೂ ಇಲ್ಲವೇನೋ ಎಂಬಂತೆ ಪಟ್ಟಿ ಮುಂದಕ್ಕೆ ಹೋಗಿತ್ತು. "ಇಲ್ಲ" ಎಂಬುದೂ "ನೋಡಲಾಗಲಿಲ್ಲ" ಎಂಬುದೂ ಬೇರೆ ಬೇರೆ. ಇವೆರಡನ್ನೂ ಒಂದೇ ಮೌನದಿಂದ ಹೇಳುವ ಪ್ರೋಗ್ರಾಮನ್ನು ನಂಬಿ, ಪಟ್ಟಿ ನಾಶವಾಯಿತೆಂದು ವರದಿ ಕೊಟ್ಟಿದ್ದರೆ ಮೂವತ್ತೇಳು ಮಕ್ಕಳ ಗತಿಯೇನು? ಅವರು ಇದನ್ನು ಸಕಾಲದಲ್ಲಿ ಗಮನಿಸಿ, ತೆರೆಯದ ಬಾಗಿಲುಗಳ ಹೆಸರನ್ನು ಪ್ರತ್ಯೇಕ ಕಡತಕ್ಕೆ ಬರೆಯುವಂತೆ ಮಾಡಿದರು. ಅವರ ಕೆಲಸದಲ್ಲಿ ಮೆಚ್ಚತಕ್ಕ ಅಂಶ ಇದು.

ಪಟ್ಟಿಯಲ್ಲಿ ಸುಮಾರು ಒಂಬತ್ತು ಸಾವಿರ ಸಾಲುಗಳಿದ್ದವು. ಬೇಕಾದುದು ಕಾಣಲಿಲ್ಲ. ಆದರೆ ಹಲವು ಸಾಲುಗಳಲ್ಲಿ ಹೆಸರಿನ ಜಾಗದಲ್ಲಿ ಬರಿಯ ಪ್ರಶ್ನಾರ್ಥಕ ಚಿಹ್ನೆಗಳ ಮಾಲೆಯಿತ್ತು. ಕನ್ನಡದಲ್ಲಿ ಹೆಸರಿಟ್ಟ ಕಡತಗಳವು. ಕನ್ನಡ ಲಿಪಿಗೆ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದ್ದರೂ, ಆ ಕಪ್ಪು ಪರದೆಯು ಅದಕ್ಕಿಂತ ಹಳೆಯ ಅಕ್ಷರಕೋಷ್ಟಕವನ್ನೇ ಹಿಡಿದುಕೊಂಡಿದ್ದು, ತನಗೆ ತಿಳಿಯದ ಅಕ್ಷರಕ್ಕೆಲ್ಲ ಪ್ರಶ್ನೆಯ ಗುರುತು ಹಾಕುತ್ತದೆ. ಶುಕ್ರವಾರ ಸಂಜೆ ಅವರು ಯೂನಿಕೋಡಿಗೆ ಹೊಂದುವ 65001 ಎಂಬ ಸಂಖ್ಯೆಯನ್ನು ಆದೇಶದ ಆರಂಭಕ್ಕೆ ಸೇರಿಸಿ ಮತ್ತೆ ಓಡಿಸಿದರು. ಪ್ರಶ್ನೆಗಳೆಲ್ಲ ಕನ್ನಡವಾದವು. ಗ್ರಂಥಾಲಯದ ಯಂತ್ರದಲ್ಲಿ, ತೀರಿಕೊಂಡ ಗುಮಾಸ್ತರ ಹೆಸರಿನ ಫೋಲ್ಡರಿನಲ್ಲಿ, "ಹಳೆಯ ಹರಾಜು" ಎಂಬ ಒಳ ಫೋಲ್ಡರಿನೊಳಗೆ ದತ್ತಿನಿಧಿಯ ಪಟ್ಟಿ ಇತ್ತು. ಯಾರೂ ತೆರೆಯಲು ಆಸೆಪಡದ ಹೆಸರನ್ನು ಆರಿಸಿ ಅವರು ಅದನ್ನು ಕಾಪಾಡಿದ್ದರು. ಅದೇ ಕ್ಷಣದಲ್ಲಿ ನಾಲ್ಕು ಸಾಲು ಕೆಳಗೆ ಇನ್ನೊಂದು ಹೆಸರು ಕಂಡಿತು. ಅದು ಉಸ್ತುವಾರಿಯವರದೇ ಹೆಸರು, ಅದರ ಮುಂದೆ "ದೂರು" ಎಂಬ ಪದ.

ಕಡತವಿದ್ದುದು ಕಛೇರಿಯ ಕಿರಿಯ ಸಹಾಯಕಿಯೊಬ್ಬರ ಫೋಲ್ಡರಿನಲ್ಲಿ. ಹುಡುಕುತ್ತಿದ್ದುದು ಸಿಕ್ಕಿಯಾಗಿತ್ತು. ಪರದೆಯನ್ನು ಮುಚ್ಚಿ ಎದ್ದು ಹೋಗಬಹುದಿತ್ತು. ಅವರು ಮುಚ್ಚಲಿಲ್ಲ, ಆ ಕಡತವನ್ನು ತೆರೆದರು.

ಅದು ಸಂಚಾಲಕರಿಗೆ ಬರೆದು ಕೊಡದೆ ಉಳಿಸಿದ ಪತ್ರ. ತಾರೀಖು ಹಿಂದಿನ ವರ್ಷದ್ದು. ತನ್ನ ಯಂತ್ರ ಕೆಟ್ಟಾಗ ದುರಸ್ತಿ ಮಾಡಿದ ಇವರು ತನ್ನ ಕುಟುಂಬದ ಚಿತ್ರಗಳನ್ನೂ ಒಂದೆರಡು ಖಾಸಗಿ ಪತ್ರಗಳನ್ನೂ ತೆರೆದು ನೋಡಿದ್ದಾರೆ. ಬೇರೆ ಹೆಂಗಸರೂ ಯಂತ್ರವನ್ನು ಇವರ ಕೈಗೆ ಕೊಡಲು ಹಿಂಜರಿಯುತ್ತಾರೆ. ದುರಸ್ತಿಯನ್ನು ತಮ್ಮೆದುರಿಗೇ ಮಾಡುವ ಏರ್ಪಾಡಾಗಬೇಕು. ಇಷ್ಟೇ ಇದ್ದುದು. ಕಟುವಾದ ಒಂದು ಪದವೂ ಇರಲಿಲ್ಲ.

ಅವರು ಆ ಚಿತ್ರಗಳನ್ನು ತೆರೆದದ್ದು ನಿಜ. ಕೆಟ್ಟ ತಟ್ಟೆಯಿಂದ ಉಳಿಸಿದ ಕಡತಗಳು ಸರಿಯಾಗಿ ತೆರೆಯುತ್ತವೆಯೋ ಎಂದು ಪರೀಕ್ಷಿಸಲು ನಾಲ್ಕಾರನ್ನು ತೆರೆದು ನೋಡುವುದು ದುರಸ್ತಿಯವರ ರೂಢಿ. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಆದರೆ ಆ ಸಮಾಧಾನವನ್ನು ಆ ರಾತ್ರಿ ತಮಗೆ ತಾವೇ ಹೇಳಿಕೊಳ್ಳುವ ಹಾಗಿರಲಿಲ್ಲ. ಪರರ ಪತ್ರಗಳನ್ನು ತೆರೆದು ಓದುತ್ತಾರೆಂಬ ಆರೋಪವನ್ನು ಅವರು ತಿಳಿದುಕೊಂಡದ್ದೇ ಪರರ ಪತ್ರವನ್ನು ತೆರೆದು ಓದಿದ್ದರಿಂದ.

ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಕಳವು ಎಂದು ಅಣುವ್ರತಗಳ ಪಾಠದಲ್ಲಿ ಬಾಲ್ಯದಿಂದ ಕೇಳಿದ ವಾಚಕರಿಗೆ ಇಲ್ಲಿ ಒಂದು ಪ್ರಶ್ನೆ ಏಳಬಹುದು. ಓದಿದ ಕಡತ ಇದ್ದಲ್ಲಿಯೇ ಇತ್ತು, ಒಂದಕ್ಷರವೂ ಕಡಿಮೆಯಾಗಲಿಲ್ಲ. ಹಾಗಾದರೆ ತೆಗೆದುಕೊಂಡದ್ದೇನು? ಆ ಹೆಣ್ಣುಮಗಳು ದೂರನ್ನು ಕೊಡಬೇಕೋ ಬೇಡವೋ ಎಂದು ಒಂದು ವರ್ಷ ತನ್ನಲ್ಲಿಯೇ ತೂಗಿ, ಕೊಡದಿರಲು ನಿಶ್ಚಯಿಸಿದ್ದಳು. ತಾನು ನಿಶ್ಚಯಿಸಿದಂತೆ ಅದು ಯಾರಿಗೂ ತಿಳಿಯದೆ ಉಳಿಯಬೇಕಾಗಿತ್ತು. ಇಲ್ಲಿ ಹೋದದ್ದು ಆ ನಿಶ್ಚಯದ ಸ್ವಾತಂತ್ರ್ಯವೆಂದೇ ಹೇಳಬೇಕು.

ಶನಿವಾರ ಬೆಳಿಗ್ಗೆ ದತ್ತಿನಿಧಿಯ ಪಟ್ಟಿ ಸಂಚಾಲಕರ ಕೈ ಸೇರಿತು. ಅವರಿಗೆ ಬಹಳ ಸಂತೋಷವಾಯಿತು. ಸಂತೋಷದಲ್ಲಿಯೇ ಅವರು ಇನ್ನೊಂದು ಮಾತು ಕೇಳಿದರು: ಎಲ್ಲ ಯಂತ್ರಗಳಲ್ಲಿ ಯಾರು ಏನಿಟ್ಟಿದ್ದಾರೆಂಬ ಪೂರ್ತಿ ಪಟ್ಟಿ ಹೇಗೂ ಸಿದ್ಧವಾಗಿದೆಯಲ್ಲ, ಅದನ್ನೂ ಮುದ್ರಿಸಿ ಕೊಡಿ.

"ಅದರಲ್ಲಿ ಅವರವರ ಸ್ವಂತದ್ದೂ ಉಂಟು, ಸಾರ್."

"ಯಂತ್ರ ಸಂಸ್ಥೆಯದು, ವಿದ್ಯುತ್ತು ಸಂಸ್ಥೆಯದು, ಸಂಬಳ ಕೊಡುವುದೂ ಸಂಸ್ಥೆ. ಒಳಗಿರುವುದು ಮಾತ್ರ ಬೇರೆಯವರದು ಹೇಗಾಗ್ತದೆ? ನೀವೇ ಹೇಳಿ."

ಸಂಚಾಲಕರ ಮಾತಿನಲ್ಲಿ ತರ್ಕವಿಲ್ಲದಿರಲಿಲ್ಲ. ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯಿದೆ, 2000, ತನ್ನ 43ನೆಯ ಕಲಮಿನಲ್ಲಿ ನಿಷೇಧಿಸುವುದು ಯಂತ್ರದ ಒಡೆಯರ ಅಥವಾ ಉಸ್ತುವಾರಿ ಹೊತ್ತವರ ಅನುಮತಿಯಿಲ್ಲದ ಪ್ರವೇಶವನ್ನು. ಇಲ್ಲಿ ಒಡೆಯರು ಸಂಚಾಲಕರ ಮಂಡಳಿ, ಉಸ್ತುವಾರಿ ಇವರದೇ. ಆ ಕಲಮಿನ ಮಟ್ಟಿಗೆ ಇಬ್ಬರೂ ನಿರ್ದೋಷಿಗಳು. ಆದರೂ ಆ ಒಂಬತ್ತು ಸಾವಿರ ಸಾಲುಗಳಲ್ಲಿ ಏನಿತ್ತೆಂಬುದನ್ನು ಬಲ್ಲವರು ಅವರೊಬ್ಬರೇ. ಕಡತವನ್ನು ತೆರೆಯಬೇಕಾದ್ದಿಲ್ಲ, ಹೆಸರೇ ಸಾಕಾಗುತ್ತದೆ. ಒಬ್ಬರ ರಾಜೀನಾಮೆಯ ಕರಡು, ಇನ್ನೊಬ್ಬರ ಮಗಳ ಆಸ್ಪತ್ರೆಯ ವರದಿ, ಮತ್ತೊಬ್ಬರು ಬೇರೆ ಕಾಲೇಜಿಗೆ ಹಾಕಿದ ಅರ್ಜಿ, ಒಡವೆ ಸಾಲದ ಕಂತುಗಳು. ಮುದ್ರಿಸಿ ಮೇಜಿನ ಮೇಲಿಟ್ಟರೆ ಸೋಮವಾರದ ಹೊತ್ತಿಗೆ ಸಂಸ್ಥೆಯಲ್ಲಿ ಯಾರೂ ಯಾರ ಮುಖವನ್ನೂ ಮೊದಲಿನಂತೆ ನೋಡುವ ಹಾಗಿರಲಿಲ್ಲ.

ಕೊಡಬಾರದೆಂಬುದು ಅವರಿಗೆ ಸ್ಪಷ್ಟವಿತ್ತು. ಆದರೆ ಕೊಡದಿರುವುದರಲ್ಲಿ ಅವರ ಸ್ವಾರ್ಥವೂ ಇತ್ತು. ಆ ಪಟ್ಟಿಯಲ್ಲಿ ಅವರ ಮೇಲಿನ ದೂರಿನ ಸಾಲೂ ಇತ್ತಲ್ಲ! ಇಪ್ಪತ್ತು ಮಂದಿಯ ಮಾನವನ್ನು ಕಾಯುತ್ತಿರುವವನೂ ತನ್ನ ಲೋಪವನ್ನು ಮುಚ್ಚುತ್ತಿರುವವನೂ ಒಬ್ಬನೇ ಆಗಿ, ಮಾಡಬೇಕಾದ ಕೆಲಸವೂ ಒಂದೇ ಆಗಿದ್ದಾಗ, ತಾನು ಯಾವ ಕಾರಣದಿಂದ ಅದನ್ನು ಮಾಡುತ್ತಿದ್ದೇನೆಂದು ಒಳಗೆ ಹೇಗೆ ತಿಳಿಯುವುದು? ಆ ಭಾನುವಾರ ಅವರಿಗೆ ನಿದ್ರೆ ಬರಲಿಲ್ಲವೆಂದು ಮನೆಯವರು ಹೇಳುತ್ತಾರೆ. ಅಳಿಸಿಬಿಟ್ಟೆನೆಂದು ಸುಳ್ಳು ಹೇಳುವುದು ಸುಲಭವಿತ್ತು. ಗುರುವಾರದ ಅಪ್‌ಡೇಟಿನ ಮಾತು ಅವರಿಗೆ ನೆನಪಾದದ್ದೂ ಆಗಲೇ.

ಇನ್ನೊಂದು ಸಂಗತಿಯೂ ಆ ರಾತ್ರಿ ಹೊಳೆಯಿತು, ಬಹಳ ತಡವಾಗಿ. ಎರಡನೆಯ ಸುತ್ತಿಗೆ ಎಲ್ಲ 138 ಫೋಲ್ಡರುಗಳನ್ನು ಕೊಡಬೇಕಾಗಿಯೇ ಇರಲಿಲ್ಲ. ತೀರಿಕೊಂಡವರ ಹೆಸರಿನ ಫೋಲ್ಡರನ್ನು ಮಾತ್ರ ಪ್ರತಿ ಯಂತ್ರದಲ್ಲಿ ಹುಡುಕಿದ್ದರೆ ಸಾಕಿತ್ತು; ಪಟ್ಟಿ ಅಲ್ಲಿಯೇ ಇತ್ತು. ಹೆಚ್ಚೆಂದರೆ ಇಪ್ಪತ್ತಮೂರು ಬಾಗಿಲು. ಉಳಿದ ಎಲ್ಲ ಬಾಗಿಲುಗಳನ್ನೂ ಅವರು ತೆರೆದದ್ದು ತೆರೆಯಲು ಸುಲಭವಾಗಿತ್ತೆಂಬ ಒಂದೇ ಕಾರಣಕ್ಕೆ. ಎಲ್ಲವನ್ನೂ ನೋಡು ಎನ್ನುವ ಆದೇಶ, ಇಷ್ಟನ್ನೇ ನೋಡು ಎನ್ನುವ ಆದೇಶಕ್ಕಿಂತ ಬರೆಯಲು ಚಿಕ್ಕದು.

ಸೋಮವಾರ ಅವರು ಮೊದಲು ಹೋದದ್ದು ಆ ಸಹಾಯಕಿಯ ಮೇಜಿನ ಬಳಿಗೆ. ನಡೆದುದನ್ನು ನಡೆದಂತೆ ಹೇಳಿದರು: ಹುಡುಕಿದ್ದು, ಹೆಸರು ಕಂಡದ್ದು, ತೆರೆದದ್ದು, ಪೂರ್ತಿ ಓದಿದ್ದು. ಅಪ್‌ಡೇಟ್ ಎಂದದ್ದು ಸುಳ್ಳೆಂದೂ ಹೇಳಿದರು. ದುರಸ್ತಿಯ ರೂಢಿಯ ಮಾತನ್ನು ಮಾತ್ರ ಎತ್ತಲಿಲ್ಲ. ಆಕೆ ಬಹಳ ಹೊತ್ತು ಕೀಲಿಮಣೆಯನ್ನೇ ನೋಡುತ್ತ ಕುಳಿತಿದ್ದರು.

"ನಾನು ಅದನ್ನು ಕೊಡ್ಲಿಲ್ಲ ಅಂತ ನಿಮಗೆ ಗೊತ್ತಾಯ್ತಲ್ಲ, ಸಾರ್. ಇನ್ನು ಕೊಡ್ಬೇಕೋ ಬೇಡವೋ ನಾನೇ ನೋಡ್ತೇನೆ. ನೀವು ಅದರ ಬಗ್ಗೆ ಏನೂ ಮಾಡ್ಬೇಡಿ."

ಆಕೆಯ ಧ್ವನಿಯಲ್ಲಿ ಕ್ಷಮೆಯಿರಲಿಲ್ಲ, ಕೋಪವೂ ಇರಲಿಲ್ಲ. ಅವರು ತಲೆದೂಗಿ ಹೊರಟುಬಂದರು.

ಆಮೇಲೆ ಸಂಚಾಲಕರ ಕೋಣೆಯಲ್ಲಿ, ಮಂಡಳಿಯ ಹಿರಿಯ ಸದಸ್ಯರಾದ ನಿವೃತ್ತ ವಕೀಲರೊಬ್ಬರ ಸಮಕ್ಷಮದಲ್ಲಿ, ಅವರು ಎರಡು ಮಾತು ಹೇಳಿದರು. ಪಟ್ಟಿ ತಮ್ಮ ಬಳಿಯಿದೆ, ಆದರೆ ಕೊಡಲಾರೆ. ತಮಗೆ ತೆರೆಯುವ ಅಧಿಕಾರವಿಲ್ಲದ ಒಂದು ಕಡತವನ್ನು ತಾವು ತೆರೆದು ಓದಿದ್ದೇನೆ. ಅದಕ್ಕೆ ಮಂಡಳಿ ಏನು ಕ್ರಮ ಕೈಗೊಂಡರೂ ಒಪ್ಪಿದೆ. ಯಾರದೆಂದು ಸಂಚಾಲಕರು ಕೇಳಿದರು. ಅದನ್ನು ಹೇಳುವ ಹಾಗಿಲ್ಲವೆಂದರು.

ಸಂಚಾಲಕರಿಗೆ ಸಿಟ್ಟು ಬಂತು. ಸಹಜವೇ. ವಕೀಲರು ಮಾತ್ರ ಸಮಾಧಾನದಿಂದ, ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದನ್ನು ನೆನಪಿಸಿದರು. ಆ ಮೊಕದ್ದಮೆಯ ಅರ್ಜಿದಾರರಾದ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರೆಂಬುದನ್ನು ಹೇಳುವಾಗ ಅವರ ಮುಖದಲ್ಲಿ ಸ್ವಲ್ಪ ಅಭಿಮಾನವೂ ಕಂಡಿತಂತೆ. ಆ ತೀರ್ಪು ಸರ್ಕಾರಕ್ಕೆ ಸಂಬಂಧಿಸಿದ್ದು, ಒಂದು ಖಾಸಗಿ ಮಂಡಳಿಯ ಕಛೇರಿಗೆ ಅದು ನೇರವಾಗಿ ಹೇಗೆ ಅನ್ವಯಿಸುತ್ತದೆಂದು ಸಂಚಾಲಕರು ಕೇಳಿದ ಪ್ರಶ್ನೆಯೂ ತಪ್ಪಲ್ಲ. ವಕೀಲರು ಅದಕ್ಕೆ ಉತ್ತರಿಸದೆ, ದತ್ತಿನಿಧಿಯ ಮಕ್ಕಳ ಹೆಸರನ್ನು ಫಲಕಕ್ಕೆ ಹಾಕಬಾರದೆಂದು ಮಂಡಳಿಯೇ ಒಪ್ಪಿದ್ದೇಕೆಂದು ತಿರುಗಿ ಕೇಳಿದರು. ಮಾತು ಅಲ್ಲಿಗೆ ನಿಂತಿತು.

ಉಸ್ತುವಾರಿಯವರಿಗೆ ಲಿಖಿತ ಎಚ್ಚರಿಕೆಯೊಂದನ್ನು ಕೊಡಲಾಯಿತು. ಅದು ಅವರ ಸೇವಾ ಪುಸ್ತಕದಲ್ಲಿದೆ. ಒಂಬತ್ತು ಸಾವಿರ ಸಾಲುಗಳ ಕಡತವನ್ನು ವಕೀಲರ ಎದುರಿಗೆ ಅಳಿಸಲಾಯಿತು. ಆಡಳಿತಾಧಿಕಾರದ ಪಾಸ್‌ವರ್ಡನ್ನು ಬದಲಾಯಿಸಿ, ಎರಡು ಭಾಗ ಮಾಡಿ, ಒಂದನ್ನು ಇವರ ಬಳಿಯೂ ಇನ್ನೊಂದನ್ನು ಪ್ರಾಂಶುಪಾಲರ ಬಳಿಯೂ ಮೊಹರು ಮಾಡಿದ ಲಕೋಟೆಯಲ್ಲಿ ಇಡುವುದೆಂದಾಯಿತು. ಇದರಿಂದ ಕೆಲಸಕ್ಕೆ ಅಡಚಣೆಯಾಯಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಮುದ್ರಣಯಂತ್ರದ ಸಣ್ಣ ತೊಂದರೆಗೂ ಪ್ರಾಂಶುಪಾಲರನ್ನು ಹುಡುಕಿಕೊಂಡು ಹೋಗಬೇಕಾಗಿ, ಎರಡು ತಿಂಗಳು ಎಲ್ಲರೂ ಗೊಣಗಿದರು. ಮೂವತ್ತೇಳು ಮಕ್ಕಳ ಶುಲ್ಕ ಗಡುವಿಗೆ ಒಂದು ದಿನ ಮೊದಲೇ ಪಾವತಿಯಾಯಿತು.

ಮುಂದಿನ ಜನವರಿಯಲ್ಲಿ, ಅಂದರೆ 2020ರಲ್ಲಿ, ಲೆಕ್ಕ ಪರಿಶೋಧನೆಗಾಗಿ ಮತ್ತೊಮ್ಮೆ ಎಲ್ಲ ಯಂತ್ರಗಳಲ್ಲಿ ಹುಡುಕಬೇಕಾದ ಸಂದರ್ಭ ಬಂತು. ಈ ಸಲ ಮೂರು ದಿನ ಮೊದಲೇ ಫಲಕದಲ್ಲಿ ಸೂಚನೆ ಹಾಕಲಾಯಿತು: ಯಾವ ದಿನ, ಎಷ್ಟು ಗಂಟೆಗೆ, ಯಾವ ಪದಕ್ಕಾಗಿ ಹುಡುಕಲಾಗುವುದು, ಪ್ರತಿಯೊಬ್ಬರ "ಸ್ವಂತ" ಎಂಬ ಫೋಲ್ಡರನ್ನು ಮುಟ್ಟಲಾಗುವುದಿಲ್ಲ, ಇಚ್ಛೆಯುಳ್ಳವರು ಆ ಹೊತ್ತಿನಲ್ಲಿ ತಮ್ಮ ಯಂತ್ರದ ಮುಂದೆ ಕುಳಿತಿರಬಹುದು. ಎರಡನೆಯ ಸುತ್ತಿನ ನಡುವೆ ಒಂದು ಸಾಲು ಹೆಚ್ಚಾಗಿತ್ತು; ಆ ಹೆಸರಿನ ಫೋಲ್ಡರು ಎದುರಾದರೆ ದಾಟಿ ಮುಂದೆ ಹೋಗೆಂಬುದು ಅದರ ತಾತ್ಪರ್ಯ.

ಬಹುತೇಕ ಎಲ್ಲರೂ ಐದೂವರೆಗೆ ಮನೆಗೆ ಹೋದರು. ಆ ಸಹಾಯಕಿ ಹೋಗಲಿಲ್ಲ. ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ತಮ್ಮ ಯಂತ್ರದ ಮುಂದೆ ಕುಳಿತರು. ಪರದೆಯ ಮೇಲೆ ಏನೂ ಕಾಣುತ್ತಿರಲಿಲ್ಲ. ಪೆಟ್ಟಿಗೆಯ ಮುಂಭಾಗದ ಸಣ್ಣ ದೀಪ ಮಾತ್ರ, ಸುತ್ತು ಅಲ್ಲಿಗೆ ಬಂದಾಗ, ಬಿಡದೆ ಮಿನುಗತೊಡಗಿತು. ಮೂರು ನಾಲ್ಕು ನಿಮಿಷ ಮಿನುಗಿ ನಿಂತಿತು. ನಿಂತ ಮೇಲೆಯೂ ಆಕೆ ಸ್ವಲ್ಪ ಹೊತ್ತು ಕಾದರು. ಅನಂತರ ಯಂತ್ರವನ್ನು ನಿಲ್ಲಿಸಿ, ಉಸ್ತುವಾರಿಯವರ ಕೋಣೆಯ ಬಾಗಿಲಿನವರೆಗೆ ಬಂದು, "ನಂದು ಆಯ್ತು, ಸಾರ್" ಎಂದು ಹೇಳಿ, ಆರು ಗಂಟೆಯ ಬಸ್ಸು ಹಿಡಿಯಲು ಹೋದರು.